ಕರಿದ ಎಣ್ಣೆಯ ಲೆಕ್ಕ

ಇಂದು ಪದವಿ ಪಡೆದ ಗೆಳೆಯರೇ,

ಘಟಿಕೋತ್ಸವದಲ್ಲಿ ಆಕಾಶದೆತ್ತರದ ಮಾತಾಡುವುದು ವಾಡಿಕೆ. ನಾನು ಬಾಣಲೆಯ ಮಾತಾಡುತ್ತೇನೆ. ಬೋಂಡ, ಪೂರಿ ಕರಿದೂ ಕರಿದೂ ಕಪ್ಪಾದ ಎಣ್ಣೆ ಕೊನೆಗೆ ಎಲ್ಲಿಗೆ ಹೋಗುತ್ತದೆ? ಒಂದಿಷ್ಟು ಚರಂಡಿಗೆ. ಒಂದಿಷ್ಟು ಅಗ್ಗದ ದರಕ್ಕೆ ಇನ್ನೊಬ್ಬರ ಬಾಣಲೆಗೆ, ಅಲ್ಲಿಂದ ನಮ್ಮದೇ ಹೊಟ್ಟೆಗೆ. ಎಣ್ಣೆಯಲ್ಲಿ, ಪದೇ ಪದೇ ಕಾಯಿಸಿದಾಗ ಹೆಚ್ಚುವ ಪೋಲಾರ್ ಸಂಯುಕ್ತಗಳು ಶೇ. 25 ದಾಟಿದರೆ ಅದನ್ನು ಅಡುಗೆಗೆ ಬಳಸಬಾರದೆಂಬ ನಿಯಮ 2018ರ ಜುಲೈಯಲ್ಲಿ ಜಾರಿಗೆ ಬಂತು. ಅಂಥ ಎಣ್ಣೆಯನ್ನು ಸಂಗ್ರಹಿಸಿ ಜೈವಿಕ ಡೀಸೆಲ್ ಮಾಡಿಸಲು ಆಹಾರ ಸುರಕ್ಷತಾ ಪ್ರಾಧಿಕಾರ ‘ರೂಕೊ’ ಯೋಜನೆ ತಂದದ್ದೂ ಆ ವರ್ಷವೇ. 2030ರ ವೇಳೆಗೆ ಡೀಸೆಲ್‌ಗೆ ಶೇ. 5ರಷ್ಟು ಜೈವಿಕ ಡೀಸೆಲ್ ಬೆರೆಸುವ ರಾಷ್ಟ್ರೀಯ ಗುರಿಯೂ ಆ ವರ್ಷದ್ದೇ. ಗುರಿ ಇನ್ನೂ ದೂರವೇ ಇದೆ.

ಎಂಜಿನ್ನು ಎಣ್ಣೆ ಕುಡಿಯುವುದಿಲ್ಲ ಎಂಬುದು ಇದಕ್ಕೆ ಕಾರಣವಲ್ಲ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲೇ ಒಂದು ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿ ತೋರಿಸಿತ್ತು. ನಮ್ಮ ಕರ್ನಾಟಕದ ಕಗ್ಗನಹಳ್ಳಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಮತ್ತು ಅವರ ಬಳಗ ಹೊಂಗೆ ಎಣ್ಣೆಯಿಂದ ಜನರೇಟರ್ ನಡೆಸಿ ಹೊಲಗಳಿಗೆ ನೀರೆತ್ತಿಸಿದರು. ಆದರೆ ಹಸಿ ಎಣ್ಣೆ ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ಮಂದ. ನಾಜೂಕಾದ ಇಂದಿನ ಇಂಜೆಕ್ಟರುಗಳಲ್ಲಿ ಅದು ಸಣ್ಣ ಹನಿಗಳಾಗಿ ಒಡೆಯದೆ ಅರೆಬೆಂದು ಮಸಿ ಕಟ್ಟುತ್ತದೆ. ಆದ್ದರಿಂದ ಮೆಥನಾಲ್ ಮತ್ತು ಕಾಸ್ಟಿಕ್ ಸೋಡಾ ಹಾಕಿ ಬಿಸಿ ಮಾಡುತ್ತೇವೆ. ಕೊಬ್ಬಿನ ಆಮ್ಲಗಳು ಗ್ಲಿಸರಿನ್ ಬಿಟ್ಟು ಮೆಥನಾಲ್ ಜೊತೆ ಸೇರುತ್ತವೆ. ಗ್ಲಿಸರಿನ್ ತಳಕ್ಕಿಳಿಯುತ್ತದೆ, ತೆಳುವಾದ ಇಂಧನ ಮೇಲೆ ನಿಲ್ಲುತ್ತದೆ.

ಪುಸ್ತಕದಲ್ಲಿ ಇಷ್ಟೇ. ಪರೀಕ್ಷೆಯಲ್ಲಿ ನೀವು ಬರೆದದ್ದೂ ಇಷ್ಟೇ, ಅಂಕವೂ ಬಂದಿದೆ. ಹೋಟೆಲಿನಿಂದ ಬರುವ ಎಣ್ಣೆ ಮಾತ್ರ ಪುಸ್ತಕ ಓದಿ ಬರುವುದಿಲ್ಲ. ಅದರಲ್ಲಿ ನೀರಿದೆ, ಉಪ್ಪಿದೆ, ಕರಕಲು ಹಿಟ್ಟಿದೆ, ಪದೇ ಪದೇ ಕಾದು ಬಿಡಿಯಾದ ಕೊಬ್ಬಿನ ಆಮ್ಲವಿದೆ. ಈ ಆಮ್ಲ ಹೆಚ್ಚಿರುವಾಗ ನೇರವಾಗಿ ಕಾಸ್ಟಿಕ್ ಸೋಡಾ ಹಾಕಿದರೆ ನಿಮಗೆ ಸಿಗುವುದು ಡೀಸೆಲ್ ಅಲ್ಲ, ಸಾಬೂನು. ಮೊದಲು ಸೋಸಬೇಕು, ನೀರು ಆರಿಸಬೇಕು, ಗಂಧಕಾಮ್ಲ ಬಳಸಿ ಆಮ್ಲಾಂಶ ಇಳಿಸಬೇಕು. ಇಂದು ಬಂದ ಡಬ್ಬಿ ನಿನ್ನೆಯದರಂತೆ ಇರುವುದಿಲ್ಲವಾದ್ದರಿಂದ ಪ್ರತಿ ಸಲವೂ ಪರೀಕ್ಷಿಸಬೇಕು. ತ್ಯಾಜ್ಯ ಪುಕ್ಕಟೆ ಎಂದು ಯೋಜನಾವರದಿಯಲ್ಲಿ ಬರೆಯುವವರು ಈ ಡಬ್ಬಿ ಎತ್ತಿದವರಲ್ಲ. ಊರೂರು ತಿರುಗಿ ತರುವ ಟೆಂಪೋ ಬಾಡಿಗೆಯನ್ನೂ ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇನ್ನು ಹೊಗೆ. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2012ರಲ್ಲೇ ಹೇಳಿದೆ. ಜೈವಿಕ ಡೀಸೆಲ್‌ನ ತೂಕದಲ್ಲಿ ಸುಮಾರು ಶೇ. 11 ಆಮ್ಲಜನಕವೇ ಇರುವುದರಿಂದ ಅದು ಹೆಚ್ಚು ಪೂರ್ಣವಾಗಿ ಉರಿಯುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2002ರಲ್ಲಿ ಆ ಕಾಲದ ಲಾರಿ ಎಂಜಿನ್‌ಗಳ ಮಾಹಿತಿ ಒಟ್ಟುಗೂಡಿಸಿತು. ಶುದ್ಧ ಜೈವಿಕ ಡೀಸೆಲ್‌ನಲ್ಲಿ ಮಸಿಯ ಕಣ, ಕಾರ್ಬನ್ ಮೊನಾಕ್ಸೈಡ್ ಎರಡೂ ಹೆಚ್ಚುಕಡಿಮೆ ಅರ್ಧಕ್ಕಿಳಿದವು, ಉರಿಯದ ಹೈಡ್ರೋಕಾರ್ಬನ್ ಮೂರರಲ್ಲಿ ಎರಡು ಪಾಲು ತಗ್ಗಿತು. ಜಾಹೀರಾತು ಇಲ್ಲಿಗೇ ನಿಲ್ಲುತ್ತದೆ. ವರದಿ ನಿಲ್ಲಲಿಲ್ಲ: ಸಾರಜನಕದ ಆಕ್ಸೈಡುಗಳು ಸುಮಾರು ಶೇ. 10 ಹೆಚ್ಚಾದವು. ಶೇ. 20 ಬೆರೆಸಿದಾಗ ಲಾಭವೂ ಸಣ್ಣದು, ಮಸಿ ಇಳಿದದ್ದು ಶೇ. 10ರಿಂದ 12. ಆಕ್ಸೈಡಿನ ಏರಿಕೆಯೂ ಶೇ. 2 ಮಾತ್ರ. ಜೈವಿಕ ಡೀಸೆಲ್‌ನಲ್ಲಿ ಲೀಟರಿಗೆ ಸಿಗುವ ಶಕ್ತಿಯೂ ಡೀಸೆಲ್‌ಗಿಂತ ತುಸು ಕಡಿಮೆ, ಆದ್ದರಿಂದ ಮೈಲೇಜು ಇಳಿಯುತ್ತದೆ.

2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಹೊಗೆ ಮಾನದಂಡದ ಡೀಸೆಲ್ ವಾಹನಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ, ಹಲವುಗಳಲ್ಲಿ ಯೂರಿಯಾ ದ್ರಾವಣ ಸಿಂಪಡಿಸುವ ವ್ಯವಸ್ಥೆಯೂ ಇದೆ. ಅಲ್ಲಿ ನಮ್ಮ ಇಂಧನ ಹೊಗೆಗೆ ಮಾಡುವ ಉಪಕಾರ ಅಷ್ಟಕ್ಕಷ್ಟೇ. ಅದರ ನಿಜವಾದ ಜಾಗ ಹಳೆಯ ಎಂಜಿನ್‌ಗಳು: ಮದುವೆ ಛತ್ರದ ಹಿಂದೆ ಗುಡುಗುಡಿಸುವ ಜನರೇಟರ್, ಕಲ್ಲು ಕ್ವಾರಿಯ ಯಂತ್ರ, ಮಲ್ಪೆ ಬಂದರಿನ ದೋಣಿ, ಪಂಪ್‌ಸೆಟ್. ಇವುಗಳ ಪಕ್ಕದಲ್ಲೇ ನಿಂತು ದುಡಿಯುವವರು ಆ ಹೊಗೆ ಕುಡಿಯುತ್ತಾರೆ. ಹೊಚ್ಚ ಹೊಸ ಬಸ್ಸಿಗೆ ಹಸಿರು ಬಣ್ಣ ಬಳಿದು ಬಾವುಟ ತೋರಿಸುವ ಕಾರ್ಯಕ್ರಮಕ್ಕಿಂತ ಇಲ್ಲಿ ನಾಲ್ಕು ಲೀಟರ್ ಸುರಿದರೆ ಹೆಚ್ಚು ಉಪಯೋಗ ಎಂಬುದು ನನ್ನ ಅಭಿಪ್ರಾಯ. ಫೋಟೋ ಮಾತ್ರ ಅಷ್ಟು ಚೆನ್ನಾಗಿ ಬರುವುದಿಲ್ಲ.

ಇನ್ನೊಂದು ಎಚ್ಚರಿಕೆ. ಯುರೋಪಿನಲ್ಲಿ ಕರಿದ ಎಣ್ಣೆಯ ಡೀಸೆಲ್‌ಗೆ ಸವಲತ್ತು ಹೆಚ್ಚಾದಂತೆ, ಹೊಸ ತಾಳೆ ಎಣ್ಣೆಯನ್ನೇ ಹಳೆಯದೆಂದು ಮಾರುತ್ತಿದ್ದಾರೆಂಬ ಅನುಮಾನ ಎದ್ದಿದೆ. ಕಸಕ್ಕೆ ಬೆಲೆ ಬಂದರೆ ಕಸವನ್ನು ತಯಾರಿಸುವವರೂ ಹುಟ್ಟುತ್ತಾರೆ. ಹಾಗಾಗಿ ಎಣ್ಣೆ ಎಲ್ಲಿಂದ ಬಂತು ಎಂಬ ದಾಖಲೆ ಇಡುವುದೂ ರಸಾಯನಶಾಸ್ತ್ರದಷ್ಟೇ ನಿಮ್ಮ ಕೆಲಸ.

ಕುಲಪತಿಗಳಲ್ಲಿ ಒಂದು ಬಿನ್ನಹ. ಈ ಆವರಣದ ಹಾಸ್ಟೆಲುಗಳಲ್ಲಿ ದಿನವೂ ಒಲೆ ಉರಿಯುತ್ತದೆ, ಕರೆಂಟು ಹೋದಾಗ ಜನರೇಟರ್ ಓಡುತ್ತದೆ. ಅಡುಗೆಮನೆಯ ಎಣ್ಣೆಯನ್ನು ತೂಗಿ, ಪರೀಕ್ಷಿಸಿ, ಇಂಧನ ಮಾಡಿ ಆ ಜನರೇಟರಿಗೆ ಬೆರೆಸುವ ಕೆಲಸವನ್ನು ಮುಂದಿನ ತಂಡದ ಪ್ರಾಜೆಕ್ಟ್ ಮಾಡಿ. ಹೊಗೆಕೊಳವೆಯಲ್ಲಿ ಅಳೆದ ಅಂಕಿಗಳನ್ನು, ಸಾರಜನಕದ ಆಕ್ಸೈಡಿನದ್ದನ್ನೂ ಸೇರಿಸಿ, ಸೂಚನಾಫಲಕದಲ್ಲಿ ತಿಂಗಳು ತಿಂಗಳು ಹಾಕಿಸಿ. ಇಂದು ಪದವಿ ಪಡೆದವರಲ್ಲಿ ಯಾರಿಗಾದರೂ ಕೆಲಸಕ್ಕೆ ಸೇರುವ ಮುನ್ನ ಬಿಡುವಿದ್ದರೆ, ಮೊದಲ ತಿಂಗಳ ತೂಕವನ್ನು ನೀವೇ ಹಿಡಿದುಕೊಟ್ಟು ಹೋಗಿ.