ಮರುಭೂಮಿಯ ದಾರಿ ಬಲ್ಲವರು

(ಸಂಘದ ತಿಂಗಳ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಪ್ರವಾಸಾನುಭವವನ್ನು ಕುರಿತು ಮಾತನಾಡಬೇಕೆಂದು ಕಾರ್ಯದರ್ಶಿಗಳು ಕೇಳಿಕೊಂಡಾಗ ನಾನು ಥಾರ್ ಮರುಭೂಮಿಯ ಒಂಟೆ ಪಯಣವನ್ನು ಆರಿಸಿಕೊಂಡೆ. ಕೇಂದ್ರ ಸರಕಾರದ ಸೇವೆಯಲ್ಲಿರುವವರಿಗೆ ವರ್ಗಾವಣೆ ತಪ್ಪಿದ್ದಲ್ಲ. ಅದರ ಕೃಪೆಯಿಂದ ಎರಡು ವರ್ಷ ಜೋಧಪುರದಲ್ಲಿದ್ದೆ. ಆಗ ಜೈಸಲ್ಮೇರಿನ ನೈಋತ್ಯಕ್ಕಿರುವ ಖುಡಿ ಎಂಬ ಹಳ್ಳಿಯಿಂದ ಹೊರಟು, ಇಬ್ಬರು ಸಹೋದ್ಯೋಗಿಗಳೊಡನೆ ನಾಲ್ಕು ದಿನ ಒಂಟೆಯ ಮೇಲೆ ಸಂಚರಿಸುವ ಅವಕಾಶ ಒದಗಿತು. ನಮಗೆ ದಾರಿ ತೋರಿದವರು ಅರುವತ್ತು ದಾಟಿದ ಒಬ್ಬ ಒಂಟೆಯವರು. ಇಂದಿನ ನನ್ನ ಮಾತು ನಾನು ಕಂಡ ಮರಳಿಗಿಂತ ಹೆಚ್ಚಾಗಿ ಅಂಥವರ ಅರಿವನ್ನು ಕುರಿತದ್ದು.

ಮುಂಬಯಿಯಲ್ಲಿರುವ ನಮಗೆ ಮರುಭೂಮಿ ದೂರದ್ದೆನಿಸುವುದು ಸಹಜ. ಆದರೆ ಬಾಂದ್ರಾ ಟರ್ಮಿನಸ್ಸಿನಿಂದ ಜೈಸಲ್ಮೇರಿಗೆ ನೇರ ರೈಲೇ ಇದೆ. ಡಿಸೆಂಬರ್ ರಜೆ ಬಂತೆಂದರೆ ನಮ್ಮವರೂ ಅಲ್ಲಿಗೆ ಹೋಗುತ್ತಾರೆ. ಹೋದವರು ಸಾಮಾನ್ಯವಾಗಿ ನಗರದಿಂದ ಸುಮಾರು 40 ಕಿಲೋಮೀಟರು ದೂರದ ಸಮ್ ಎಂಬಲ್ಲಿನ ಮರಳ ದಿಬ್ಬಗಳಲ್ಲಿ ಸೂರ್ಯಾಸ್ತಕ್ಕೆ ಅರ್ಧ ಗಂಟೆ ಒಂಟೆಯೇರಿ, ರಾತ್ರಿ ಡೇರೆಯ ಮುಂದೆ ಹಾಡು ಕುಣಿತ ನೋಡಿ ಮರಳುತ್ತಾರೆ. ಅದನ್ನು ನಾನು ಹಳಿಯುವುದಿಲ್ಲ. ಅದು ಸವಾರಿ. ಪಯಣವೆನ್ನುವುದು ಬೇರೆ.

ಮೊದಲು ಆ ನೆಲದ ಅಳತೆಯನ್ನು ತಿಳಿಯಬೇಕು. ಜೈಸಲ್ಮೇರ್ ಒಂದೇ ಜಿಲ್ಲೆ 38,401 ಚದರ ಕಿಲೋಮೀಟರು. ಇಡೀ ಕರ್ನಾಟಕದ ಐದರಲ್ಲೊಂದು ಪಾಲು. 2011ರ ಜನಗಣತಿಯಂತೆ ಅಲ್ಲಿ ಚದರ ಕಿಲೋಮೀಟರಿಗೆ 17 ಜನ. ನಮ್ಮ ಮುಂಬಯಿ ಉಪನಗರ ಜಿಲ್ಲೆಯಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕಿ. 2005ರ ಜುಲೈ 26ನ್ನು ಇಲ್ಲಿ ಕುಳಿತವರಾರೂ ಮರೆತಿರಲಾರರು. ಅಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಬಿತ್ತು. ಅಷ್ಟು ನೀರನ್ನು ಆಕಾಶದಿಂದ ಪಡೆಯಲು ಜೈಸಲ್ಮೇರಿಗೆ ಸುಮಾರು ಐದು ವರ್ಷ ಬೇಕು. ಇಂಥ ನೆಲದಲ್ಲಿ ಮನುಷ್ಯ ಬದುಕಿದ್ದಾನೆಂದರೆ, ಅದರ ಹಿಂದೆ ಶತಮಾನಗಳ ಅರಿವಿರಲೇಬೇಕು.

ಆ ಅರಿವಿನ ಪರಿಚಯ ನಮಗೆ ಮೊದಲ ದಿನವೇ ಆಯಿತು. ನಮ್ಮ ಕಣ್ಣಿಗೆ ಬರಿದಾಗಿದ್ದ ಬಯಲನ್ನು ಒಂಟೆಯವರು ಪುಸ್ತಕದಂತೆ ಓದುತ್ತಿದ್ದರು. ದೂರದಲ್ಲೊಂದು ಖೇಜಡಿ ಮರ ಕಂಡರೆ ಅದರಡಿ ವಿಶ್ರಾಂತಿ. ಈ ಖೇಜಡಿ ಬೇರಾವುದೂ ಅಲ್ಲ, ವಿಜಯದಶಮಿಯಂದು ನಾವು ಎಲೆ ಹಂಚಿ 'ಬಂಗಾರದಂತೆ ಇರೋಣ' ಎನ್ನುವ ಬನ್ನಿ. ಅದರ ಕಾಯಿಯೇ ಅವರ ಪಲ್ಯ, ಅದರ ಎಲೆಯೇ ಅವರ ದನಕರುಗಳ ಮೇವು. ಸಂಜೆ ಅವರು ಕೆಂಡದ ಮೇಲೆ ಸುಟ್ಟುಕೊಟ್ಟದ್ದು ಸಜ್ಜೆಯ ರೊಟ್ಟಿ. ವಿಜಾಪುರ, ಬಾಗಲಕೋಟೆಗಳ ಮನೆಗಳಲ್ಲಿ ಸಂಕ್ರಾಂತಿಗೆ ಎಳ್ಳು ಹಚ್ಚಿ ಮಾಡುವ ಅದೇ ರೊಟ್ಟಿ. ದಾರಿಯಲ್ಲಿ ನೀರು ಸಿಕ್ಕಿದ್ದು 'ಬೇರಿ' ಎಂಬ ಕಿರಿದಾದ ಬಾವಿಯಲ್ಲಿ. ಮರಳಿನಲ್ಲಿ ಇಂಗಿದ ಮಳೆನೀರನ್ನು ಕೆಳಗಿರುವ ಜಿಪ್ಸಂ ಪದರ ತಡೆದು ನಿಲ್ಲಿಸುತ್ತದೆ. ಆ ಪದರ ಎಲ್ಲಿದೆಯೆಂದು ಬಲ್ಲವರು ಅಲ್ಲಿ ಮಾತ್ರ ಅಗೆಯುತ್ತಾರೆ. ಬತ್ತಿದ ಹೊಳೆಯ ಪಾತ್ರದಲ್ಲಿ ಒರತೆ ತೋಡುವ ನಮ್ಮ ಬಯಲುಸೀಮೆಯ ಹೆಣ್ಣುಮಕ್ಕಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಭಾಷೆಯೂ ಹಾಗೆಯೇ. ಒಂಟೆಯ ಬೆನ್ನಿನ ಜೀನಿಗೆ ಅವರು 'ಪಲಾಣ್' ಎಂದರು. ನಮ್ಮ ಹಳಗನ್ನಡದ 'ಪಲ್ಲಣ', ನಡುಗನ್ನಡದ 'ಹಲ್ಲಣ' ನೆನಪಾಗಿ ನನಗೆ ರೋಮಾಂಚನವಾಯಿತು. ಹಂಪಿಯ ಮಹಾನವಮಿ ದಿಬ್ಬದ ಶಿಲ್ಪಪಟ್ಟಿಕೆಗಳಲ್ಲಿ ಒಂಟೆಗಳನ್ನು ನೋಡಿದವರಿಗೆ ಈ ನಂಟು ಆಶ್ಚರ್ಯ ತರಲಾರದು.

ಇನ್ನು ಒಂಟೆ. ಅದರ ಡುಬ್ಬದಲ್ಲಿ ನೀರಿರುತ್ತದೆಂದು ಶಾಲೆಯಲ್ಲಿ ಕೇಳಿದವರು ಅನೇಕರಿದ್ದೀರಿ. ಅಲ್ಲಿರುವುದು ಕೊಬ್ಬು. ಅದರ ಸಹನೆಯ ಗುಟ್ಟು ಬೇರೆಡೆ ಇದೆ. ನೀರಿಲ್ಲದ ಬೇಸಿಗೆಯಲ್ಲಿ ಒಂಟೆಯ ಮೈಬಿಸಿ ಬೆಳಗಿನ 34 ಡಿಗ್ರಿಯಿಂದ ಮಧ್ಯಾಹ್ನ 40 ಡಿಗ್ರಿಯವರೆಗೆ ಏರಬಲ್ಲದು. ನಮಗಾದರೆ ಅದು ಆಸ್ಪತ್ರೆ ಸೇರುವ ಜ್ವರ. ಹೀಗೆ ಮೈ ಕಾಯಲು ಬಿಡುವುದರಿಂದ ಬೆವರಿನ ನೀರು ಉಳಿಯುತ್ತದೆ. ತನ್ನ ತೂಕದ ಕಾಲುಭಾಗದಷ್ಟು ನೀರು ಕಳೆದುಕೊಂಡರೂ ಅದು ನಡೆಯುತ್ತದೆ. ನೀರು ಕಂಡಾಗ ಕಾಲುಗಂಟೆಯಲ್ಲಿ ನೂರು ಲೀಟರು ಕುಡಿದು ಚೇತರಿಸಿಕೊಳ್ಳುತ್ತದೆ. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತೇವೆ. ಆಡಿಗೆ ಎಟುಕದ ಎತ್ತರದ ಮುಳ್ಳುಕೊಂಬೆ ಒಂಟೆಯ ಪಾಲು. ಆದರೆ ಒಂಟೆಗೂ ಯಾವ ದಿನ ಎಷ್ಟು ಭಾರ, ಎಲ್ಲಿ ಮೇವು, ಎಂದು ನೀರು ಎಂದು ನಿರ್ಧರಿಸುವವರು ಬೇಕು. ನಮ್ಮ ಒಂಟೆಯವರು ದಿನದಲ್ಲಿ ಅರ್ಧ ದಾರಿಯನ್ನು ಮೂಗುದಾರ ಹಿಡಿದು ನಡೆದೇ ಕ್ರಮಿಸಿದರು. ಅವರ ನಿಯಮ ಒಂದೇ: ಮೊದಲು ಒಂಟೆಯ ಊಟ, ಆಮೇಲೆ ಮನುಷ್ಯನದು.

ಮರುಭೂಮಿಯನ್ನು ದಾಟಿದವರ ಚರಿತ್ರೆಯನ್ನು ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಅರೇಬಿಯಾದ 'ರುಬ್ ಅಲ್ ಖಾಲಿ' ಎಂಬ ಮಹಾ ಮರಳುಗಾಡನ್ನು 1930-31ರಲ್ಲಿ ದಾಟಿದ ಮೊದಲ ಯುರೋಪಿಯನ್ ಎಂದು ಬರ್ಟ್ರಮ್ ಥಾಮಸ್ ಹೆಸರಾದರು. 1946ರಿಂದ 48ರ ನಡುವೆ ವಿಲ್‌ಫ್ರೆಡ್ ಥೆಸಿಜರ್ ಎರಡು ಬಾರಿ ದಾಟಿದರು. ಅವರನ್ನು ದಾಟಿಸಿದವರು ಅಲ್ಲಿಯ ಬೆದೂಯಿನ್ ಪಶುಪಾಲಕರು. ಥೆಸಿಜರ್ ತಮ್ಮ ಗ್ರಂಥದಲ್ಲಿ ಆ ಸಂಗಾತಿಗಳನ್ನು ಹೆಸರು ಹೇಳಿ, ಪ್ರೀತಿಯಿಂದ ನೆನೆದಿದ್ದಾರೆ. ಆದರೂ ಜಗತ್ತು ನೆನಪಿಟ್ಟುಕೊಂಡದ್ದು ಸವಾರರನ್ನೇ. ನಮ್ಮಲ್ಲಿಯೂ ಬಿಕಾನೇರಿನ ಗಂಗಾ ರಿಸಾಲಾ ಎಂಬ ಒಂಟೆ ದಳ 1915ರಲ್ಲಿ ಸೂಯೆಜ್ ಕಾಲುವೆಯ ದಂಡೆಯವರೆಗೆ ಹೋಗಿ ಹೋರಾಡಿತು. ಗುಜರಾತಿನ ಗಡಿಯಲ್ಲಿ ಹೆಜ್ಜೆ ಗುರುತು ನೋಡಿಯೇ ಹೋದವರೆಷ್ಟು ಮಂದಿ ಎಂದು ಹೇಳಬಲ್ಲವರಾಗಿದ್ದ ರಬಾರಿ ಪಶುಪಾಲಕ ರಣಛೋಡದಾಸ್ ಪಾಗಿ 1965 ಮತ್ತು 1971ರ ಯುದ್ಧಗಳಲ್ಲಿ ನಮ್ಮ ಸೇನೆಗೆ ದಾರಿ ತೋರಿದರು. ಗಡಿ ಭದ್ರತಾ ಪಡೆ ತನ್ನ ಒಂದು ಠಾಣೆಗೆ ಅವರ ಹೆಸರಿಟ್ಟಿತು. ಇಂಥ ಗೌರವ ಅಪರೂಪ.

ಈಗ ಕಹಿ ಮಾತಿಗೆ ಬರುತ್ತೇನೆ. 1992ರ ಪಶುಗಣತಿಯಲ್ಲಿ ನಮ್ಮ ದೇಶದಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿ ಒಂಟೆಗಳಿದ್ದವು. 2012ರಲ್ಲಿ ಅವು ನಾಲ್ಕು ಲಕ್ಷಕ್ಕಿಳಿದವು. 2019ರಲ್ಲಿ ಎರಡೂವರೆ ಲಕ್ಷಕ್ಕೆ. ಕಾರಣಗಳು ಹಲವು. ರಸ್ತೆ ಬಂತು, ಟ್ರಾಕ್ಟರು ಬಂತು, ಒಂಟೆಗಾಡಿ ಮೂಲೆ ಸೇರಿತು. 1958ರಲ್ಲಿ ಆರಂಭವಾಗಿ ಸಟ್ಲೆಜ್, ಬಿಯಾಸ್ ನದಿಗಳ ನೀರನ್ನು ತಂದ ಇಂದಿರಾ ಗಾಂಧಿ ಕಾಲುವೆಯಿಂದ ಬಂಜರು ಹೊಲವಾಯಿತು. ರೈತನಿಗೆ ಅದು ಭಾಗ್ಯ, ಆದರೆ ಗೋಮಾಳ ಕುಗ್ಗಿತು. 2014ರಲ್ಲಿ ರಾಜಸ್ಥಾನ ಸರಕಾರ ಒಂಟೆಯನ್ನು ರಾಜ್ಯಪ್ರಾಣಿಯೆಂದು ಘೋಷಿಸಿತು. 2015ರಲ್ಲಿ ಅದರ ವಧೆಯನ್ನು ನಿಷೇಧಿಸಿ, ಹೊರರಾಜ್ಯಕ್ಕೆ ಒಯ್ಯುವುದನ್ನು ನಿರ್ಬಂಧಿಸುವ ಕಾನೂನು ಮಾಡಿತು. ಆಶಯ ಒಳ್ಳೆಯದೇ. ಆದರೆ ಹೊರಗಿನ ಕೊಳ್ಳುಗರು ಬರದೆ ಬೆಲೆ ಕುಸಿಯಿತು, ಸಾಕುವುದೇ ಭಾರವಾಯಿತು ಎಂಬುದು ತಲೆಮಾರುಗಳಿಂದ ಒಂಟೆ ಸಾಕಿದ ರಾಯಿಕಾ ಜನರ ದೂರು. ಕಡತಗಳ ನಡುವೆ ಮೂರು ದಶಕ ಕಳೆದ ನನಗೆ ಇದರಲ್ಲಿ ಒಂದು ಪಾಠ ಕಾಣುತ್ತದೆ: ಪ್ರಾಣಿಯನ್ನು ಉಳಿಸುವ ಕಾನೂನಿನಲ್ಲಿ ಅದನ್ನು ಸಾಕುವವನ ಹೊಟ್ಟೆಪಾಡಿಗೂ ಒಂದು ಕಲಮು ಇರಬೇಕು.

ರಾಯಿಕಾಗಳಿಗೆ ಒಂಟೆ ಬರಿಯ ಆಸ್ತಿಯಲ್ಲ. ಮಾರವಾಡಕ್ಕೆ ಒಂಟೆಯನ್ನು ತಂದವನು ತಮ್ಮ ದೈವ ಪಾಬೂಜಿ ಎಂದು ಅವರು ನಂಬುತ್ತಾರೆ. ಅವನ ಕಥೆಯನ್ನು ಚಿತ್ರಪಟ ಬಿಡಿಸಿ ರಾತ್ರಿಯಿಡೀ ಹಾಡಿಸುತ್ತಾರೆ. ನಮ್ಮ ತುಮಕೂರು, ಚಿತ್ರದುರ್ಗಗಳ ಕಾಡುಗೊಲ್ಲರಿಗೆ ಜುಂಜಪ್ಪನೂ ಅವನ ದನಗಳೂ ಹೇಗೋ ಹಾಗೆ. ಹಿಂಡು ಹೋದರೆ ಹಾಡೂ ಹೋಗುತ್ತದೆ. ನಮ್ಮ ಒಂಟೆಯವರ ಹಿರಿಯ ಮಗ ಜೀಪು ಓಡಿಸುತ್ತಾನೆ, ಕಿರಿಯವನು ಸೂರತ್ತಿನಲ್ಲಿ ಬಟ್ಟೆ ಗಿರಣಿ ಸೇರಿದ್ದಾನೆ. "ಬೇರಿ ಎಲ್ಲಿದೆಯೆಂದು ಅವರಿಗೆ ತೋರಿಸಿದ್ದೀರಾ?" ಎಂದು ಕೇಳಿದೆ. "ಕೇಳುವವರಿಗೆ ತೋರಿಸಬಹುದು ಸಾಹೇಬರೇ, ಅವರು ಕೇಳಿಲ್ಲ" ಎಂದರು. ಹೊಲಗದ್ದೆ ಬಿಟ್ಟು ಈ ಮಹಾನಗರಕ್ಕೆ ಬಂದವರ ಮಕ್ಕಳಾದ ನಾವು ಆ ಹುಡುಗರನ್ನು ದೂರುವ ಅಧಿಕಾರ ಪಡೆದಿಲ್ಲ. ನಮ್ಮಲ್ಲೆಷ್ಟು ಮಂದಿಗೆ ಅಜ್ಜ ಬಿತ್ತುತ್ತಿದ್ದ ಭತ್ತದ ತಳಿಗಳ ಹೆಸರು ಗೊತ್ತು?

ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. ಒಂಟೆಯ ಹಾಲಿಗೆ 2016ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಮಾನದಂಡ ನಿಗದಿಪಡಿಸಿತು. 2019ರಲ್ಲಿ ಅಮುಲ್ ಅದನ್ನು ಮಾರುಕಟ್ಟೆಗೆ ತಂದಿತು. ವಿಶ್ವಸಂಸ್ಥೆ 2024ನ್ನು ಒಂಟೆ ಕುಲದ ಪ್ರಾಣಿಗಳ ಅಂತರರಾಷ್ಟ್ರೀಯ ವರ್ಷವೆಂದು ಆಚರಿಸಿತು. ಪ್ರವಾಸಿಗಳಾದ ನಮ್ಮ ಪಾಲಿನದೂ ಸ್ವಲ್ಪವಿದೆ. ನಾವು ತೆತ್ತ ಹಣದಲ್ಲಿ ತಮ್ಮ ಕೈಸೇರಿದ್ದು ಮೂರರಲ್ಲೊಂದು ಪಾಲೂ ಅಲ್ಲವೆಂದು ನಮ್ಮ ಒಂಟೆಯವರು ಹೇಳಿದರು, ಉಳಿದದ್ದು ನಡುವಿನವರದು. ಆದ್ದರಿಂದ ಹೋಗುವವರು ಹಳ್ಳಿಯಲ್ಲೇ ಒಂಟೆ ಸಾಕಿದವರನ್ನು ವಿಚಾರಿಸಿ, ಅವರೊಡನೆಯೇ ಮಾತಾಡಿ ಹೊರಡಿ. ಅರ್ಧ ಗಂಟೆಯ ಬದಲು ಎರಡು ದಿನ ಕೊಡಿ. ಮಕ್ಕಳನ್ನು ಕರೆದೊಯ್ಯಿರಿ, ಗಿಡದ ಹೆಸರು, ನಕ್ಷತ್ರದ ಹೆಸರು, ನೀರಿನ ನೆಲೆ ಇವುಗಳನ್ನು ಅವರಿಂದ ಕೇಳಿಸಿ. ಬೆನ್ನೇರಿದ್ದಕ್ಕೆ ಬಾಡಿಗೆ ಕೊಟ್ಟರೆ ಸಾಲದು, ದಾರಿ ಕಲಿಸಿದ್ದಕ್ಕೆ ಗುರುದಕ್ಷಿಣೆಯೂ ಸಲ್ಲಬೇಕು. ಕೇಳುವವರಿದ್ದಾರೆಂದು ತಿಳಿದರೆ, ಯಾರಿಗೆ ಗೊತ್ತು, ಜೀಪು ಓಡಿಸುವ ಮಗನೂ ಒಂದು ದಿನ ತಂದೆಯನ್ನು ಕೇಳಿಯಾನು.