ಮರದ ಪ್ರೊಪೆಲ್ಲರ್ ಯಾವ ವಿಮಾನದ್ದು?

ಯಾದಗಿರಿ, ಶಹಾಪುರ, ಸುರಪುರದ ಕಡೆ ಹಳೆಯ ವಾಡೆಯಲ್ಲೋ ಗುಜರಿ ಅಂಗಡಿಯಲ್ಲೋ ವಿಮಾನದ ಮರದ ಪ್ರೊಪೆಲ್ಲರ್ ಸಿಕ್ಕಿತೆನ್ನಿ. ನಿಜಾಮರ ಕಾಲದ್ದು, ಯುದ್ಧದಲ್ಲಿ ಬಿದ್ದ ವಿಮಾನದ್ದು ಎಂಬ ಮಾತೂ ಅದರ ಹಿಂದೆಯೇ ಬರುತ್ತದೆ. ಆ ಮಾತನ್ನು ತಳ್ಳಿಹಾಕಬೇಕಿಲ್ಲ. 1948ರವರೆಗೆ ಈ ಭಾಗ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೈದರಾಬಾದಿನ ಬೇಗಂಪೇಟೆಯಲ್ಲಿ ಟೈಗರ್ ಮಾತ್ ವಿಮಾನಗಳ ಮೇಲೆ ಹಾರಾಟ ಕಲಿಸುತ್ತಿದ್ದರು. ಆದರೆ ಬಾಯಿಮಾತಿಗಿಂತ ಮೊದಲು ಮರದ ಸಾಕ್ಷಿ ಕೇಳಬೇಕು.

ನಡುವಿನ ದಪ್ಪ ಭಾಗಕ್ಕೆ ಓರೆಯಾಗಿ ಬೆಳಕು ಬಿಟ್ಟು ನೋಡಿ. ನಕ್ಷೆಯ ಸಂಖ್ಯೆ, ಎಂಜಿನ್ನಿನ ಹೆಸರು, ವ್ಯಾಸ ಇವನ್ನು ತಯಾರಕರು ಸಾಮಾನ್ಯವಾಗಿ ಅಲ್ಲೇ ಅಚ್ಚೊತ್ತುತ್ತಿದ್ದರು. ಅಚ್ಚು ಅಳಿಸಿದ್ದರೆ ದಾರಿ ಮುಚ್ಚಿತು ಎನ್ನುವವರುಂಟು. ಹಾಗೇನಿಲ್ಲ. ಬೋಲ್ಟಿನ ತೂತುಗಳೆಷ್ಟು, ನಡುವಿನ ತೂತು ಎಷ್ಟು ಅಗಲ ಎಂಬುದು ಎಂಜಿನ್ನಿನ ಅಳತೆಯನ್ನೇ ಹೇಳುತ್ತದೆ. ಇನ್ನು ತಿರುಗುವ ದಿಕ್ಕು. ಚಪ್ಪಟೆ ಮುಖವನ್ನು ನಮ್ಮ ಕಡೆ ಮಾಡಿ, ದಪ್ಪ ಅಂಚು ಮುಂದಾಗುವಂತೆ ತಿರುಗಿಸಿದರೆ ಅದು ತಿಳಿಯುತ್ತದೆ. ಟೈಗರ್ ಮಾತ್‌ನ ಜಿಪ್ಸಿ ಮೇಜರ್ ಎಂಜಿನ್ ಪೈಲಟ್ಟಿನ ಕಣ್ಣಿಗೆ ಎಡಕ್ಕೆ ಸುತ್ತುತ್ತದೆ. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ 1958ರಲ್ಲಿ ಮೊದಲು ಹಾರಿಸಿದ ಪುಷ್ಪಕ ವಿಮಾನದ ಕಾಂಟಿನೆಂಟಲ್ ಎಂಜಿನ್ ಬಲಕ್ಕೆ. ಬಲಕ್ಕೆ ಸುತ್ತುವುದಾದರೆ ಅದು ಟೈಗರ್ ಮಾತ್‌ನದಲ್ಲ. ಎಷ್ಟು ಜನ ಹೇಳಿದರೂ ಅಲ್ಲ.

ಕಾರ್ಖಾನೆಯ ಫ್ಯಾನಿನ ರೆಕ್ಕೆ ಇರಬಾರದೇಕೆ, ಗೋಡೆಗೆ ತೂಗುಹಾಕಲು ಮಾಡಿದ ನಕಲು ಇರಬಾರದೇಕೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹಾರಿದ ಪ್ರೊಪೆಲ್ಲರಿನಲ್ಲಿ ತೆಳು ಹಲಗೆಗಳನ್ನು ಪದರಪದರವಾಗಿ ಅಂಟಿಸಿರುತ್ತಾರೆ. ರೆಕ್ಕೆಯ ತಿರುವು ಬುಡದಲ್ಲಿ ಹೆಚ್ಚು, ತುದಿಗೆ ಹೋದಂತೆ ಕಡಿಮೆ. ತುದಿಯ ಹಿತ್ತಾಳೆ ಹೊದಿಕೆಯಲ್ಲಿ ಒಳಗಿನ ತೇವ ಹೊರಹೋಗಲೆಂದು ಸೂಜಿಮೊನೆಯಷ್ಟು ತೂತುಗಳಿರುವುದುಂಟು. ಅಲಂಕಾರಕ್ಕೆ ಮಾಡಿದವನಿಗೆ ಆ ತೂತು ಬೇಕಿಲ್ಲ. ಹೀಗಿದ್ದರೂ ಒಂದೇ ಗುರುತು ನಂಬಿ ತೀರ್ಪು ಕೊಡಬಾರದು. ನಾಲ್ಕು ಗುರುತು ಒಂದೇ ಕಡೆ ಬೆರಳು ತೋರಬೇಕು.

ವಸ್ತುವಿನಷ್ಟೇ ಅದು ಸಿಕ್ಕ ಜಾಗವೂ ಮುಖ್ಯ. ಸುರಪುರದ ಬಳಿ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರ ತಂಡ ಅಗೆದಾಗ ಕಲ್ಲಿನ ಆಯುಧ, ಅದರಿಂದ ಎದ್ದ ಚಕ್ಕೆ, ಒಡೆದ ಗುಂಡುಕಲ್ಲು ಎಲ್ಲ ಒಂದೇ ಕಡೆ ಇದ್ದವು. ಅದು ಆದಿಮಾನವರು ಆಯುಧ ತಯಾರಿಸಿದ ಜಾಗ ಎಂದು ಗೊತ್ತಾದದ್ದೇ ಅದರಿಂದ. ಆದ್ದರಿಂದ ಇಂಥ ಪ್ರೊಪೆಲ್ಲರ್ ಸಿಕ್ಕರೆ ಉಜ್ಜಬೇಡಿ, ವಾರ್ನಿಶ್ ಬಳಿಯಬೇಡಿ. ಅಳತೆ ತೆಗೆಯಿರಿ, ಫೋಟೊ ಹಿಡಿಯಿರಿ, ಎಲ್ಲಿ ಸಿಕ್ಕಿತು, ಯಾರ ಕೈಯಿಂದ ಬಂತು ಎಂಬುದನ್ನು ಇವತ್ತೇ ಬರೆದಿಡಿ.