ಮನೆಯ ಮೂಲೆಯಲ್ಲೊಂದು ಸರ್ವರ್

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳು)



"ಸರ್ವರ್ ಇಲ್ಲ, ನಾಳೆ ಬನ್ನಿ." ಪಡಿತರ ತರಲು ಹೋದಾಗ, ಪಹಣಿ ತೆಗೆಸಲು ಹೋದಾಗ ನೀವೆಲ್ಲ ಈ ಮಾತು ಕೇಳಿದ್ದೀರಿ. ಮಳೆ ಬರಲಿಲ್ಲ ಎಂಬಂತೆ ಅದನ್ನೂ ಒಪ್ಪಿಕೊಂಡು ವಾಪಸು ಬರುತ್ತೇವೆ. ಆ ಸರ್ವರ್ ಎಂದರೇನು, ಅದು ಏಕೆ ನಿಲ್ಲುತ್ತದೆ ಎಂಬುದು ನಮ್ಮ ಮಕ್ಕಳಿಗಾದರೂ ಗೊತ್ತಿರಬೇಕು.

ಸರ್ವರ್ ಎಂದರೆ, ಕೇಳಿದ್ದನ್ನು ಕೊಡಲು ಸದಾ ಕಾದಿರುವ ಒಂದು ಕಂಪ್ಯೂಟರ್, ಅಷ್ಟೇ. ಇದ್ದರೆ ಕೊಡುತ್ತದೆ; ಕೇಳಿದ ಪುಟ ಇಲ್ಲದಿದ್ದರೆ 404 ಎಂಬ ಸಂಖ್ಯೆ ತೋರಿಸುತ್ತದೆ. ಜಗತ್ತಿನ ಮೊದಲ ವೆಬ್ ಸರ್ವರ್ 1990ರಲ್ಲಿ ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ, ಟಿಮ್ ಬರ್ನರ್ಸ್-ಲೀ ಅವರ ಮೇಜಿನ ಕಂಪ್ಯೂಟರಿನಲ್ಲೇ ನಡೆಯಿತು. ಯಾರೂ ಆರಿಸಬಾರದೆಂದು ಅದರ ಮೇಲೆ ಕೆಂಪು ಶಾಯಿಯಲ್ಲಿ ಬರೆದು ಚೀಟಿ ಅಂಟಿಸಿದ್ದರು. ರೇಷ್ಮೆ ಬೆಳೆಯುವ ನಮಗೆ ಇದು ಹೊಸದಲ್ಲ. ನಾಲ್ಕನೇ ಜ್ವರದಿಂದ ಎದ್ದ ಹುಳುವಿಗೆ ಹೊತ್ತು ಹೊತ್ತಿಗೆ ಸೊಪ್ಪು ತಪ್ಪಿಸುವಂತಿಲ್ಲ. ಸರ್ವರಿಗೆ ಕರೆಂಟೂ ಹಾಗೆಯೇ.

ನಮ್ಮ ಮನೆಯಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್ ಈ ಕೆಲಸ ಮಾಡುತ್ತಿದೆ. ಬ್ಯಾಟರಿಗೆ ಇನ್ನೂ ಜೀವವಿದ್ದರೆ ಕರೆಂಟು ಹೋದಾಗ ಅದೇ ಯುಪಿಎಸ್. ಅದಕ್ಕೆ ಡೆಬಿಯನ್ ಲಿನಕ್ಸ್ ಹಾಕಿ, ಮೇಲೆ ಅಪಾಚೆ ಎಂಬ ಸರ್ವರ್ ತಂತ್ರಾಂಶ ಹಾಕಿದರೆ ಆಯಿತು. ಎರಡೂ ಉಚಿತ. ಮನೆಯ ವೈಫೈ ರೂಟರ್ ಆ ಯಂತ್ರಕ್ಕೆ 192.168.1.10 ಎಂಬಂಥ ವಿಳಾಸ ಕೊಡುತ್ತದೆ. ಅದೇ ವೈಫೈನಲ್ಲಿರುವ ಮೊಬೈಲಿನಲ್ಲಿ ಆ ಸಂಖ್ಯೆ ಒತ್ತಿದರೆ ನೀವೇ ಬರೆದ ಪುಟ ತೆರೆಯುತ್ತದೆ. ಇಂಟರ್ನೆಟ್ ಇಲ್ಲದಿದ್ದರೂ ತೆರೆಯುತ್ತದೆ. ಯಾರು, ಎಷ್ಟು ಹೊತ್ತಿಗೆ, ಯಾವ ಪುಟ ಕೇಳಿದರು ಎಂಬುದು ಲಾಗ್‌ನಲ್ಲಿ ದಾಖಲಾಗುತ್ತದೆ. ಪುಟ ತೆರೆಯದಿದ್ದರೆ ಕಾರಣ ಹುಡುಕುವುದೇ ನಿಜವಾದ ಪಾಠ: ತಂತಿಯೋ, ವಿಳಾಸವೋ, ತಂತ್ರಾಂಶವೋ? ಒಂದು ಎಚ್ಚರಿಕೆ. ಕಲಿಯುವಾಗ ಸರ್ವರನ್ನು ಮನೆಯೊಳಗಿನ ಜಾಲಕ್ಕಷ್ಟೇ ಇರಿಸಿ; ರೂಟರಿನಲ್ಲಿ ಹೊರಗಿನವರಿಗೆ ಬಾಗಿಲು ತೆರೆಯಬೇಡಿ.

"ಇದನ್ನೆಲ್ಲ ಕಲಿಯೋಕೆ ಬೆಂಗಳೂರಿಗೇ ಹೋಗಬೇಕಾ ಅಣ್ಣ?" ಎಂದು ಮಕ್ಕಳು ಕೇಳುತ್ತಾರೆ. ನಮ್ಮ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು ಹೈಸ್ಕೂಲು ಓದಲು ಬೆಂಗಳೂರಿಗೆ ನಡೆದೇ ಹೋದರು. ನಮಗೆ ಆ ಕಷ್ಟ ಬರಲಿಲ್ಲ, ಹೈಸ್ಕೂಲು ಊರಿಗೇ ಬಂತು, ಇಂದು ಅದಕ್ಕೆ 50 ವರ್ಷ. ಸರ್ವರೂ ಊರಿಗೇ ಬರಲಿ.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಅಟ್ಟದ ಮೇಲಿಟ್ಟ ಲ್ಯಾಪ್‌ಟಾಪ್ ಶಾಲೆಗೆ ಕೊಡಿ, ಜೊತೆಗೆ ತಿಂಗಳಿಗೊಂದು ಶನಿವಾರವನ್ನೂ ಕೊಡಿ. ಕಿವಿಕ್ಸ್ ಎಂಬ ಉಚಿತ ತಂತ್ರಾಂಶದಿಂದ 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ಇಂಟರ್ನೆಟ್ ಇಲ್ಲದೆಯೇ ತರಗತಿಗೆ ಒದಗಿಸಬಹುದು. ಈ ಸ್ಮರಣ ಸಂಚಿಕೆಯನ್ನೂ ಅದರಲ್ಲೇ ಇಡೋಣ; ಇಡುವ ಕೆಲಸ ಒಂಬತ್ತನೇ ತರಗತಿಯ ಮಕ್ಕಳೇ ಮಾಡಲಿ.

ಮುಂದೆ ಯಾರಾದರೂ "ಸರ್ವರ್ ಇಲ್ಲ" ಎಂದಾಗ, "ಏನಾಗಿದೆ, ನೋಡೋಣ" ಎನ್ನುವವರು ಈ ಶಾಲೆಯಿಂದ ಬರಲಿ.